ನಾಲ್ಕನೆಯ ಸಲವೂ ಗ್ಯಾಸ್ ಹೋಯಿತು

ಬಾಲಾನಗರದಲ್ಲಿ ಹದಿನಾಲ್ಕು ವರ್ಷದಿಂದ ಗಾಡಿಗಳಿಗೆ ಎಸಿ ಕೂರಿಸುತ್ತಿದ್ದೇನೆ. ಕಲ್ಲೇಶ, ಅಂದರೆ ನಾನು, ತುಂಬಿದ ಗ್ಯಾಸ್ ಎರಡು ವರ್ಷ ಅಲುಗುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಒಂದು ಹಳೆಯ ಪಿಕಪ್ಪು, ಅದನ್ನು ಓಡಿಸುವ ಗುರುದೇವಿ, ಇಬ್ಬರೂ ಸೇರಿ ನಾಲ್ಕೇ ತಿಂಗಳಲ್ಲಿ ಮಣ್ಣುಪಾಲು ಮಾಡಿದ್ದರು.

ಶನಿವಾರ ಬೆಳಿಗ್ಗೆ ಅದೇ ಗಾಡಿ ಮತ್ತೆ ಬಂದು ಗ್ಯಾರೇಜಿನ ಮುಂದೆ ನಿಂತಿತು. ಗುರುದೇವಿ ಹುಮನಾಬಾದಿನವಳು. ದಿನಾ ನಸುಕಿನಲ್ಲಿ ಮಲ್ಲಿಗೆ ತುಂಬಿಕೊಂಡು ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ ಮಾಲೆ ಕೊಡುತ್ತಾಳೆ. ಪಕ್ಕದ ಸೀಟಿನ ಬುಟ್ಟಿಯಲ್ಲಿ ಹೂ ಬಾಡಬಾರದೆಂದೇ ಇಪ್ಪತ್ತು ವರ್ಷದ ಗಾಡಿಗೆ ಎಸಿ ಹಾಕಿಸಿದ್ದಳು.

"ಮಿಸ್ತ್ರಿ, ಮತ್ತ ಬಿಸಿಗಾಳಿ ಬರಾಕತ್ತೇತಿ."

"ಸಾಧ್ಯಾನ ಇಲ್ಲರಿ. ಹೋದ ತಿಂಗಳ ಕಂಡೆನ್ಸರ್ ಹೊಸಾದ ಹಾಕೀನಿ."

"ಹಂಗಾದ್ರ ನಾ ಸುಳ್ಳ ಹೇಳಾಕತ್ತೀನೇನು? ನೀವ ಕೈ ಹಿಡದು ನೋಡ್ರಿ."

ಬುಟ್ಟಿಯ ಮಲ್ಲಿಗೆ ಕಂದಿತ್ತು. ಅವಳ ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟು ಬಂದರೆ ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಬಿಡುತ್ತಾಳೆ. ಇದೆಲ್ಲ ನನಗೇಕೆ ಗೊತ್ತು ಎಂದು ನನ್ನ ಮೇಲೇ ನನಗೆ ರೇಗಿತು.

"ಈ ವಾರ ಮೂರು ಮನಿಯವರು ಹೂ ಬ್ಯಾಡ ಅಂದ್ರು," ಎಂದಳು. "ಸಾಕಾತ್ರಿ ನನಗ. ಇವತ್ತ ಸರಿ ಆಗಲಿಲ್ಲಂದ್ರ ಗಾಡಿ ಮಾರಿ ಹುಮನಾಬಾದಿಗೆ, ಅಣ್ಣನ ಮನಿಗೆ ಹೋಗತೀನಿ."

ಹೋಗಬೇಡಿ ಎನ್ನಬೇಕಿತ್ತು. ಬಾಯಿ ಮಾತ್ರ ಎಂದಿನಂತೆ ಉರಿಯಿತು. "ಹೋಗ್ರಿ. ಗಾಡೀನ ಹಳೇದು, ನಾ ಏನ ಮಾಡ್ಲಿ?"

ಅವಳು ಬೆಂಚಿನ ಮೇಲೆ ಕುಳಿತು ನನ್ನನ್ನೇ ನೋಡಿದಳು. ಆ ನೋಟಕ್ಕಿಂತ ನಾಲ್ಕು ಬೈಗುಳ ವಾಸಿಯಿತ್ತು.

ಸೋಪಿನ ನೀರು ತೆಗೆದುಕೊಂಡು ಗಾಡಿಯ ಮುಂದೆ ಬಗ್ಗಿದೆ. ಅಲ್ಲಿ ಗ್ಯಾಸ್ ಓಡುವ ಕಂಡೆನ್ಸರಿನ ಪೈಪಿಗೇ ಕಬ್ಬಿಣದ ತಂತಿ ಬಿಗಿದು ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ತೂಗುಬಿಟ್ಟಿದ್ದರು. ತಂತಿಯ ಬುಡದಲ್ಲಿ ನೀರು ಹಚ್ಚಿದೆ. ಗುಳ್ಳೆ ಗುಳ್ಳೆಯಾಗಿ ಗ್ಯಾಸ್ ಬಂತು.

"ಇದನ್ನ ಇಲ್ಲಿ ಯಾರ ಕಟ್ಯಾರ?"

ಅವಳು ಓಡಿಬಂದು ಅಂಗೈ ಅಡ್ಡ ಹಿಡಿದಳು. "ಅಯ್ಯ, ಬಿಚ್ಚೂದ ಮರತೆ."

"ಬಿಚ್ಚೂದಂದ್ರ?"

"ಶನಿವಾರಕ್ಕೊಮ್ಮೆ ಹೊಸಾದ ಕಟ್ಟತೀನ್ರಿ. ನಿಮ್ಮ ಕಡೆ ಬರೂ ಮುಂದ ಬಿಚ್ಚಿ ಇಡತೀನಿ. ಎಸಿ ಗ್ಯಾಸಿನ ಮ್ಯಾಲ ನಡೀತೈತಿ, ನಿಂಬೆಹಣ್ಣಿನ ಮ್ಯಾಲ ಅಲ್ಲ ಅಂತ ಮೊದಲನೇ ದಿನಾನ ಅಂದಿದ್ರಲ್ಲ, ನಾಲ್ಕ ಮಂದಿ ಮುಂದ."

ಅಂದಿದ್ದೆ. ನನ್ನ ಸುಡುಗಾಡು ಬಾಯಿ. ಮೊದಲ ಸಲ ಕಂಡೆನ್ಸರ್ ಕೂರಿಸಲು ಮುಂದಿನ ಜಾಲರಿ ಕಿತ್ತವನೂ ನಾನೇ. ಕಟ್ಟಲು ಅವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಪೈಪೇ. ಗಾಡಿ ನಡುಗಿದಾಗಲೆಲ್ಲ ತಂತಿ ಅಲ್ಯೂಮಿನಿಯಮ್ಮನ್ನು ಉಜ್ಜಿ ತಿಂದಿತ್ತು. ನಾನು ಒಮ್ಮೆ ಕಂಡೆನ್ಸರನ್ನೇ ಬದಲಿಸಿ, ಉಳಿದ ಸಲ ತೂತು ಮುಚ್ಚಿ, ಇಂಜಿನಿನ ನಡುಕವನ್ನು ಬೈದಿದ್ದೆ.

"ಇಷ್ಟ ಹಳೇ ಗಾಡಿಗೆ ಯಾರ ದೃಷ್ಟಿ ಹತ್ತತೈತ್ರೀ?"

"ಗಾಡಿಗಲ್ಲ." ಅವಳು ನೆಲ ನೋಡಿದಳು. "ಇಂಥಾ ಗಾಡಿಗೆ ಎಸಿ ಕುಂದ್ರಿಸಿದ ಕೈ ಯಾವುದು ಅಂತ ಮಾರ್ಕೆಟ್ಟಿನಾಗ ಎಲ್ಲಾರೂ ಕೇಳತಾರ. ಆ ಕೈಗೆ ಯಾರ ಕಣ್ಣೂ ಬೀಳಬಾರದು ಅಂತ ಕಟ್ಟತೀನಿ."

ನನ್ನ ಕೈಗಳನ್ನು ನೋಡಿಕೊಂಡೆ. ಮಸಿ, ಗ್ರೀಸು, ಹಳೆಯ ಗಾಯದ ಗುರುತು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡೆ.

ಪೈಪು ಬೆಸೆದು, ಗ್ಯಾಸ್ ತುಂಬಿ, ನಿಂಬೆಹಣ್ಣನ್ನು ನೂಲಿನ ದಾರದಲ್ಲಿ ಬಂಪರಿಗೆ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಗುರುದೇವಿ ಸ್ಟೇರಿಂಗಿನ ಮುಂದೆ ಕುಳಿತು ತಂಪು ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದಳು. ಕಿವಿಯ ಹತ್ತಿರದ ಕೂದಲು ಹಾರಾಡಿತು. ನಾನು ಕೆಲಸವಿಲ್ಲದಿದ್ದರೂ ಸ್ಪ್ಯಾನರ್ ಹಿಡಿದು ನಿಂತಿದ್ದೆ.

"ಇನ್ನ ಗ್ಯಾಸ್ ಹೋಗೂದಿಲ್ಲ," ಎಂದೆ.

"ಖರೇನ?"

"ಖರೇ."

"ಹಂಗಾದ್ರ ಇನ್ನ ನಾ ಇಲ್ಲಿಗೆ ಬರೂ ಕೆಲಸಾನೂ ಇಲ್ಲ." ಅವಳು ಗೇರಿಗೆ ಕೈ ಹಾಕಿದಳು.

ನನ್ನ ಹಣೆಬರಹ ನೋಡಿ. ಗಾಡಿ ಸರಿ ಮಾಡದಿದ್ದರೆ ಹುಮನಾಬಾದಿಗೆ ಹೋಗುತ್ತಾಳೆ, ಮಾಡಿದರೆ ಕೊಂಡಾಪುರಕ್ಕೆ ಹೋಗುತ್ತಾಳೆ. ಕಿಟಕಿ ಹಿಡಿದುಕೊಂಡೆ. ಡ್ಯಾಶ್‌ಬೋರ್ಡಿನ ಮೇಲೆ ಅವಳ ಕಬ್ಬಿಣದ ತಂತಿಯ ಸುರುಳಿ ಇತ್ತು.

"ಆ ತಂತಿ ಸುರುಳಿ ಇಲ್ಲಿ ಕೊಡ್ರಿ. ಶನಿವಾರ ಇಲ್ಲಿಗೇ ಬರ್ರಿ. ನಾನ ಕಟ್ಟತೀನಿ, ದಾರದಾಗ."

"ಎಷ್ಟ ಶನಿವಾರ?"

"ಗಾಡಿ ಇರೂತನಕ."

"ಭಾಳ ಹಳೇ ಗಾಡಿ ಅಂದ್ರಿ ನೀವ." ತುಟಿಯಂಚಿನಲ್ಲಿ ನಗು ಅಡಗಿಸಲು ನೋಡಿದಳು.

"ಹಂಗಾದ್ರ ನಾ ಇರೂತನಕ. ಗಾಡಿ ಇರಲಿ ಬಿಡಲಿ, ನನಗ ನೀವ ಬೇಕ್ರಿ."

ಅವಳು ಡ್ಯಾಶ್‌ಬೋರ್ಡಿನಿಂದ ತಂತಿಯ ಸುರುಳಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ನನ್ನ ಬೆರಳುಗಳನ್ನು ಅವಳೇ ಮಡಚಿದಳು. ಮಸಿ ಅವಳ ಬೆರಳಿಗೂ ಹತ್ತಿತು, ಒರೆಸಿಕೊಳ್ಳಲಿಲ್ಲ.

"ಕಿಟಕಿ ಮುಚ್ಚಿಕೊಳ್ರಿ," ಎಂದೆ. "ತಂಪೆಲ್ಲ ಹೊರಗ ಹೋಗತೈತಿ."

ಗಾಡಿ ರಸ್ತೆಯ ತಿರುವು ದಾಟುವ ತನಕ ಅವಳು ಕಿಟಕಿ ಮುಚ್ಚಲೇ ಇಲ್ಲ.