ಆಯುಧಪೂಜೆಯ ಬಿಲ್ಲೆಗಳು

ಆ ಬೆಳಿಗ್ಗೆ ಮದ್ದೂರಿನಲ್ಲಿ ಭಾದ್ರಪದದ ತುಂತುರು ಹಿಡಿದಿತ್ತು. ಊರಿನ ಒಗಟುಗಳೆಲ್ಲ ಬಂದು ಸೇರುವುದು ನಿವೃತ್ತ ಫಿಸಿಕ್ಸ್ ಮೇಡಂ ಅರುಂಧತಿಯವರ ಜಗಲಿಗೆ. ನಾನು ಅಲ್ಲಿ ಕಾಫಿ ಕುಡಿಯುತ್ತಿದ್ದಾಗ ಶಿವರಾಜು ನೆನೆದುಕೊಂಡು ಬಂದ. ಗೆಜ್ಜಲಗೆರೆಯ ಕೆಪಾಸಿಟರ್ ಕಾರ್ಖಾನೆಯಲ್ಲಿ ಫರ್ನೇಸು ನೋಡಿಕೊಳ್ಳುವವನು.

"ಫರ್ನೇಸಿನ ಬೀಗದ ಕೀ ಕಿತ್ಕೊಂಡವ್ರೆ ಕಣಮ್ಮ. ಕೆಲ್ಸುಕ್ಕೆ ಬರ್ಬೇಡ ಅಂದವ್ರೆ."

ಕಳೆದ ಆಯುಧಪೂಜೆಯಂದು ಅವನು ಕೆಪಾಸಿಟರಿಗೆಂದು ಸುಟ್ಟ ಪಿಂಗಾಣಿ ಬಿಲ್ಲೆಗಳು ವಿದ್ಯುತ್ತನ್ನು ಸರಿಯಾಗಿ ಹಿಡಿದಿಡುತ್ತಿಲ್ಲವೆಂದು ಗಿರಾಕಿಯಿಂದ ವಾಪಸು ಬಂದಿದ್ದವು. ಅಂದಿನ ಮೊದಲ ಹಿಡಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟು ಬೀಗ ಹಾಕಿ, ಮುಂದಿನ ಹಬ್ಬದವರೆಗೆ ಮುಟ್ಟದಿರುವುದು ಅಲ್ಲಿನ ಪದ್ಧತಿ. ಮಾಲೀಕ ಚಿಕ್ಕಣ್ಣ ಆ ಗಂಟು ಬಿಚ್ಚಿಸಿ ಅಳೆಸಿದರೆ ಅವೂ ಕೆಟ್ಟವೇ. ತಪ್ಪು ಸುಟ್ಟವನದೆಂದಾಯಿತು.

ನಾವು ಕಾರ್ಖಾನೆಗೆ ಹೋದೆವು.

"ಗೂಡಿನ ಕೀ ಯಾರ ಹತ್ತಿರ?" ಮೇಡಂ ಕೇಳಿದರು.

"ನನ್ತಾವ್ಲೇಯ. ದಿನಾ ದೀಪ ಹಚ್ಚೋನು ನಾನು. ಮೊನ್ನೆ ಬಿಚ್ಚೋಗಂಟ ಆ ಗಂಟ್ನ ಯಾರೂ ಮುಟ್ಟಿರ್ನಿಲ್ಲ," ಎಂದ ಪ್ಯಾಕಿಂಗ್ ಮೇಸ್ತ್ರಿ ಜಯಪ್ರಕಾಶ್. ಶಿವರಾಜು ಕೆಲಸಕ್ಕೆ ಬರುತ್ತಿದ್ದುದು ಇವನ ಬೈಕಿನ ಹಿಂದೆ ಕೂತೇ.

ಮೇಡಂ ಗಂಟಿನದೊಂದು, ವಾಪಸು ಬಂದ ಮಾಲಿನದೊಂದು ಬಿಲ್ಲೆ ಅಳೆದು, ಎರಡನ್ನೂ ಓವನ್ನಿಗಿಡಿಸಿದರು.

"ಹುರುದು ಉಪ್ಸಾರಿಗೆ ನೆಂಚ್ಕೊಳದಾ ಮೇಡಂ?" ಎಂದ ಚಿಕ್ಕಣ್ಣ.

ಮಾರನೆಯ ದಿನ ಆರಿದ ಬಿಲ್ಲೆಗಳನ್ನು ಎಲ್ಲರೆದುರು ಮತ್ತೆ ಅಳೆದರು.

"ಈ ಪಿಂಗಾಣಿಗೂ ವಯಸ್ಸಾಗುತ್ತದೆ. ಸುಮ್ಮನೆ ಇಟ್ಟರೂ ಅದರ ಶಕ್ತಿ ದಿನೇ ದಿನೇ ಇಳಿಯುತ್ತದೆ. ಚೆನ್ನಾಗಿ ಕಾಯಿಸಿದರೆ ಇಳಿದದ್ದು ಮರಳುತ್ತದೆ. ವಾಪಸು ಬಂದ ಬಿಲ್ಲೆ ಕೆಟ್ಟದ್ದಾದರೂ ವರ್ಷದಷ್ಟು ಹಳೆಯದು, ಅದಕ್ಕೇ ಇಷ್ಟು ಏರಿತು. ಗಂಟಿನದು ಏರಲೇ ಇಲ್ಲ ಅನ್ನಬಹುದು. ಅಂದರೆ ಅದು ಮೊನ್ನೆ ಮೊನ್ನೆ ಸುಟ್ಟದ್ದು. ದೇವರ ಮುಂದಿನ ಗಂಟನ್ನು ಯಾರೋ ಬದಲಿಸಿದ್ದಾರೆ. ಕೀ ಇದ್ದದ್ದು ಒಬ್ಬರ ಹತ್ತಿರ."

ಜಯಪ್ರಕಾಶ್ ತನ್ನ ಊಟದ ಬ್ಯಾಗಿನಿಂದ ಹಳದಿ ಗಂಟೊಂದನ್ನು ತೆಗೆದ.

"ಹಬ್ಬದ ದಿನ ಟ್ರೇ ಕೈಜಾರಿ ಬಿಲ್ಲೆ ಎಲ್ಲಾ ಸೀಳೋದ್ವು. ಹೆದ್ರಿ, ರಿಜೆಕ್ಟ್ ಮಾಲು ತುಂಬ್ಸಿ ಕಳಿಸ್ದೆ. ಈಗ ಗಂಟು ಬಿಚ್ಚುಸ್ತಾರೆ ಅಂದಾಗ, ಒಳ್ಳೆ ಬಿಲ್ಲೆ ಕಂಡ್ರೆ ನಾನು ಸಿಕ್ಕಾಕೊತೀನಿ ಅಂತ ಮೊನ್ನೆ ಸುಟ್ಟ ರಿಜೆಕ್ಟ್ ಇಟ್ಟು ಅದ್ನೂ ಬದ್ಲಾಯಿಸ್ದೆ."

"ಇದನ್ನು ಎಸೆಯಲಿಲ್ಲವೇಕೆ?"

"ದೇವ್ರಿಗಿಟ್ಟಿದ್ದು ಕಣಮ್ಮ. ಕೈ ಬರ್ನಿಲ್ಲ."

ಆ ಗಂಟಿನ ಬಿಲ್ಲೆಗಳನ್ನು ಕಾಯಿಸಿ ಅಳೆದಾಗ ಒಂದೂ ತಪ್ಪಿರಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದ ಕಳೆ ಅವರ ಮುಖದಲ್ಲಿರಲಿಲ್ಲ.

"ಲೋ ಶಿವ, ಮನೆತಾವ ಬುಡ್ಲಾ?" ಜಯಪ್ರಕಾಶ್ ಕೇಳಿದ.

"ಬ್ಯಾಡ ಬುಡ್ಲಾ. ಇನ್ಮೇಲೆ ಬಸ್ಸಲ್ಲೇ ಬತ್ತೀನಿ."

ಚಿಕ್ಕಣ್ಣ ಜೇಬಿನಿಂದ ಫರ್ನೇಸಿನ ಕೀ ತೆಗೆದು ಶಿವರಾಜುವಿನ ಅಂಗೈಯಲ್ಲಿಟ್ಟ.