ಟಾರ್ಚಿನ ಗಾಜಿನ ಮೇಲಿನ ಮಸಿ

ದೀಪ ಹಾಕಿದಾಗ ವೇಡ್ ನೆಲದ ಮೇಲೆ ಬಿದ್ದಿದ್ದ. ತೊಡೆಯಿಂದ ರಕ್ತ ಸುರಿಯುತ್ತಿತ್ತು. ಗುರಿಹಲಗೆಯ ತೂತಿಗೆ ಹಚ್ಚುವ ಅಂಟುಪಟ್ಟಿ ಇನ್ನೂ ಕೈಯಲ್ಲೇ ಇತ್ತು.

"ಯಾರು ಹೊಡ್ದಿದ್ದು?" ಲೊರೀನ್ ಕೂಗಿದಳು. "ಎಲ್ರೂ ಕೈ ಮೇಲೆತ್ತಿ! ಒಬ್ರೂ ಅಲ್ಲಾಡ್ಬೇಡಿ!"

ಓಹಾಯೊದ ಸಣ್ಣ ಊರಿನ ಪಿಸ್ತೂಲು ಕ್ಲಬ್ಬು. ಶನಿವಾರ ಮಧ್ಯಾಹ್ನ ಒಳಗಿನ ದೀಪವೆಲ್ಲ ಆರಿಸಿ ನಡೆಸುವ ಎರಡು ಸುತ್ತಿನ ಪಂದ್ಯ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಂದೂಕು. ಲೊರೀನ್ ಶೆರಿಫ್ ಕಚೇರಿಯ ಪತ್ತೇದಾರಿಣಿ. ರಜೆಯ ದಿನ ಇಲ್ಲಿ ಸುರಕ್ಷತಾ ಅಧಿಕಾರಿ. ಒಬ್ಬೊಬ್ಬರ ಸರದಿ ಮುಗಿದಾಗಲೂ ಬಂದೂಕಿನೊಳಗೆ ಬೆಳಕು ಬಿಟ್ಟು ನೋಡಿ "ಖಾಲಿ" ಎನ್ನಬೇಕಾದವಳು ಅವಳೇ. ಅವಳು ಹಾಗೆಂದ ಮೇಲೇ ವೇಡ್ ಆ ಕತ್ತಲಲ್ಲೇ ತೂತು ಮುಚ್ಚಲು ಮುಂದೆ ಹೋಗಿದ್ದ.

ಆಗಷ್ಟೇ ಸರದಿ ಮುಗಿಸಿದ್ದವಳು ಮಾರಿಸೆಲಾ. ಕ್ಲಬ್ಬಿಗೆ ಸೇರಿ ಎರಡು ತಿಂಗಳು. ಉರಿಯುವ ಟಾರ್ಚು ಹಿಡಿದು, ಬೀಳಿಸಿದ್ದ ಗುಂಡು ತುಂಬುವ ಮ್ಯಾಗಜೀನು ಹುಡುಕುತ್ತ ಬಗ್ಗಿದ್ದಳು. ಎಲ್ಲರ ಕಣ್ಣೂ ಅವಳ ಮೇಲೆ.

"ಇನ್ಯಾರು, ಇವ್ಳೇ!" ಎಂದ ಕ್ಲೀಟಸ್, ವೇಡ್ ಜೊತೆ ತೂತು ಮುಚ್ಚಲು ಹೋಗಿದ್ದವನು. "ಹೊಸಬ್ರನ್ನ ಕತ್ಲೇಲಿ ಆಡೋಕ್ ಬಿಟ್ರೆ ಇನ್ನೇನಾಗುತ್ತೆ?"

"ನಾನಲ್ಲ. ನಂದು ಖಾಲಿ. ನೀವೇ ನೋಡಿದ್ರಲ್ಲ ಮೇಡಂ."

ಲೊರೀನ್ ಕೇಳಲಿಲ್ಲ. ಮೂವತ್ತು ಜನರೆದುರು ಅವಳ ಪಿಸ್ತೂಲಿದ್ದ ಸೊಂಟದ ಪಟ್ಟಿ ಬಿಚ್ಚಿಸಿದಳು. ಪಿಸ್ತೂಲು ಖಾಲಿಯೇ ಇತ್ತು. ಗುಂಡು ಒಂದೇ ಉಳಿದಿತ್ತೇನೋ, ಹಾರಿಹೋಗಿದೆ ಎಂದುಕೊಂಡಳು. ಬೇರೆ ಯಾರ ಬಂದೂಕನ್ನೂ ಮುಟ್ಟಿ ನೋಡಲಿಲ್ಲ.

"ಕೇಸಾದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಮೇಡಂ," ಮಾರಿಸೆಲಾ ಮೆಲ್ಲಗೆ ಹೇಳಿದಳು. ಜೋಳದ ಗೋದಾಮಿನಲ್ಲಿ ಅವಳು ಕಾವಲುಗಾರ್ತಿ. "ಕೆಲ್ಸಾನೂ ಹೋಗುತ್ತೆ."

ಲೊರೀನ್ ಕೇಳಿಸದವಳಂತೆ ಫೋನ್ ಎತ್ತಿಕೊಂಡಳು.

"ನೀನು ಅಲ್ಲೇ ಇದ್ದೀಯಲ್ಲ," ಎಂದ ಶೆರಿಫ್. "ಸಂಜೆಯೊಳ್ಗೆ ಮುಗ್ಸಿ ಹೇಳು."

* * *

ವೇಡ್‌ನನ್ನು ಆಂಬುಲೆನ್ಸಿನಲ್ಲಿ ಕಳಿಸಿ ಲೊರೀನ್ ನೆಲ ಜಾಲಾಡಿದಳು. ಮಾರಿಸೆಲಾಳ ತೋಟಾಗಳ ಬುಡಕ್ಕೆ ಅವಳೇ ಹಾಕಿದ ಹಸಿರು ಶಾಯಿಯ ಗುರುತಿತ್ತು. ಸರದಿಯಲ್ಲಿ ಅವಳು ಹೊಡೆದದ್ದು ಹನ್ನೆರಡು. ವೇಡ್‌ಗೆ ಬಡಿದದ್ದು ಅವಳದೇ ಆದರೆ ಖಾಲಿ ತೋಟಾ ಹದಿಮೂರು ಸಿಗಬೇಕು. ಸಿಕ್ಕಿದ್ದು ಹನ್ನೊಂದು.

"ಕ್ಲೀಟಸ್, ಜೇಬಲ್ಲಿರೋದು ತೆಗಿ."

"ಅಯ್ಯೋ, ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬ್ಕೊಳ್ಳೋಕ್ ಬರುತ್ತೆ ಅಂತ ಆಯ್ಕೊಂಡೆ. ಅದೂ ತಪ್ಪಾ?"

ಅವನ ಜೇಬಿನಲ್ಲಿ ಹಸಿರು ಗುರುತಿನದು ಒಂದೇ. ಅಲ್ಲಿಗೆ ಹನ್ನೆರಡು. ಮಿಕ್ಕವರ ಜೇಬುಗಳನ್ನೂ ಮೂಲೆಗಳನ್ನೂ ನೋಡಿಯಾಯಿತು. ಹದಿಮೂರನೆಯದು ಇರಲೇ ಇಲ್ಲ; ಬೇರೆಯವರ ತೋಟಾಗಳ ಲೆಕ್ಕದಲ್ಲೂ ಒಂದೂ ಹೆಚ್ಚಿರಲಿಲ್ಲ.

ಪಿಸ್ತೂಲು ಖಾಲಿ ತೋಟಾವನ್ನು ಹೊರಗೆ ಉಗುಳುತ್ತದೆ. ರಿವಾಲ್ವರ್ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ.

ಲೊರೀನ್ ಪಂದ್ಯದ ಹೆಸರುಪಟ್ಟಿ ನೋಡಿದಳು. ಅಂದು ರಿವಾಲ್ವರ್ ತಂದವರು ಇಬ್ಬರೇ. ಒಬ್ಬ ಕ್ಲೀಟಸ್, ಅವನು ವೇಡ್‌ನ ಪಕ್ಕದಲ್ಲೇ ತೂತು ಮುಚ್ಚುತ್ತಿದ್ದ. ಇನ್ನೊಬ್ಬರು ಓರ್ವಿಲ್. ಎಪ್ಪತ್ತೆರಡು ವರ್ಷ. ಕ್ಲಬ್ಬು ಕಟ್ಟಿದವರು. ಹತ್ತೊಂಬತ್ತರ ಲೊರೀನ್‌ಗೆ ಬಂದೂಕು ಹಿಡಿಯಲು ಕಲಿಸಿದವರು.

ಅವರಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಮಾರಿಸೆಲಾಳ ವಿಷಯದಲ್ಲಿ ಅರೆಗಳಿಗೆಯೂ ಹಾಗೆ ಯೋಚಿಸಿರಲಿಲ್ಲ.

* * *

ಆಸ್ಪತ್ರೆಯಲ್ಲಿ ವೇಡ್ ನರಳುತ್ತಲೇ ಮಾತಾಡಿದ.

"ಬೆಳಕು ಮೊದ್ಲೋ, ಸದ್ದು ಮೊದ್ಲೋ?"

"ಎರಡೂ ಒಟ್ಟಿಗೇ. ಫಳ್ ಅಂತ ಹೊಸ ಬೆಳಕು ಬಿತ್ತು, ಢಂ ಅಂತು."

"ಬಂದೂಕಿನ ಬೆಂಕಿ ಇರ್ಬೋದು."

"ಥೂ, ಅದು ನಂಗೆ ಗೊತ್ತಾಗಲ್ವಾ? ಬೆಂಕಿ ಮಿಂಚಿ ಹೋಗುತ್ತೆ. ಇದು ಗೋಡೆ ಮೇಲೆ ನಿಂತ್ಕೊಂಡಿತ್ತು. ಆಮೇಲೆ ಆರ್ತು."

ಮಾರಿಸೆಲಾಳ ಟಾರ್ಚು ಮೊದಲಿನಿಂದಲೂ ಉರಿಯುತ್ತಿತ್ತು. ಗುಂಡು ಹಾರಿದ ಕ್ಷಣಕ್ಕೆ ಹೊತ್ತಿದ ಟಾರ್ಚು ಬೇರೆಯದು.

* * *

ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಓರ್ವಿಲ್ ಮುಂದೆ ಕಾಫಿ ಆರಿಹೋಗಿತ್ತು. ಮಾರಿಸೆಲಾ ಬಾಗಿಲ ಬಳಿ ಒಬ್ಬಳೇ ನಿಂತಿದ್ದಳು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ.

"ನಿಮ್ಮ ಟಾರ್ಚ್ ಕೊಡಿ," ಎಂದಳು ಲೊರೀನ್, ಓರ್ವಿಲ್ ಕಡೆ ತಿರುಗಿ.

"ನಂದಾ? ಯಾಕೆ ಮಗಳೇ?"

"ಕೊಡಿ."

ಗಾಜಿನ ಒಂದು ಬದಿಗೆ ಕರಿ ಮಸಿ. ಲೊರೀನ್ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಮಣಿಕಟ್ಟು ಒಂದರ ಮೇಲೊಂದು ಕೂರ್ಸಿ ಟಾರ್ಚ್ ಹಿಡಿದ್ರೆ ಗಾಜು ರಿವಾಲ್ವರಿನ ಪಕ್ಕಕ್ಕೆ ಬರುತ್ತೆ. ಗುಂಡು ಹಾರ್ದಾಗ ಗುಂಡು ಕೂರೋ ಉರುಳೆಯ ಸಂದಿಯಿಂದ ಹೊಗೆ ನುಗ್ಗಿ ಮಸಿ ಕೂರುತ್ತೆ. ಮೊದಲ ಸುತ್ತು ಮುಗಿಸಿ ನೀವು ಗಾಜು ಒರೆಸ್ಕೊಂಡ್ರಿ, ನಾನೇ ನೋಡ್ದೆ. ಎರಡ್ನೇ ಸುತ್ತಲ್ಲಿ ನಿಮ್ಮ ಸರದಿ ಬಂದೇ ಇಲ್ಲ. ಈ ಮಸಿ ಎಲ್ಲಿಂದ ಬಂತು?"

ಓರ್ವಿಲ್ ಜೇಬಿಗೆ ಕೈ ಹಾಕಿ ಖಾಲಿ ತೋಟಾವೊಂದನ್ನು ಮೇಜಿನ ಮೇಲಿಟ್ಟರು. ಎಲ್ಲರ ಜೇಬು ನೋಡಿದಾಗಲೂ ಲೊರೀನ್ ಅವರದೊಂದನ್ನು ಮಾತ್ರ ಬಿಟ್ಟಿದ್ದಳು, ಕೇಳುವುದಕ್ಕೇ ಸಂಕೋಚಪಟ್ಟು.

"ಮುಂದಿನ ಸರದಿ ನಂದು," ಎಂದರು. "ಹಿಂದೆ ನಿಂತು ಕೈ ಪಳಗಿಸ್ಕೊಳ್ತಿದ್ದೆ. ಖಾಲಿ ಅಂದ್ಕೊಂಡಿದ್ದೆ. ಎಡಗೈ ಹೆಬ್ಬೆಟ್ಟು ಟಾರ್ಚಿನ ಗುಂಡಿ ಒತ್ತಿತು, ಅದ್ರ ಜೊತೆಗೇ ಬಲಗೈ ಬೆರಳೂ ಒತ್ಬಿಡ್ತು."

"ಒಂದು ಕೈ ಬಿಗಿದ್ರೆ ಇನ್ನೊಂದೂ ಬಿಗಿಯುತ್ತೆ, ಬೆರಳು ಟ್ರಿಗರ್ ಮೇಲಿಡ್ಬೇಡಿ ಅಂತ ನೀವೇ ಕಲ್ಸಿದ್ದು."

"ಅದಕ್ಕೇ ಬಾಯಿ ಬರ್ಲಿಲ್ಲ ಕಣೇ. ಮೂವತ್ತು ವರ್ಷ ಇದನ್ನೇ ಹೇಳ್ಕೊಟ್ಟೆ. ಎಲ್ರೂ ಆ ಹುಡುಗಿ ಕಡೆ ತಿರುಗಿದ್ರು. ನಾನು ಸುಮ್ನಿದ್ಬಿಟ್ಟೆ." ಮುದುಕರು ಮುಖ ಮುಚ್ಚಿಕೊಂಡರು.

"ಅದ್ಸರಿ," ಎಂದ ಕ್ಲೀಟಸ್. "ಮೊದಲ ಸುತ್ತಾದ್ಮೇಲೆ ಅದ್ರಲ್ಲಿ ಗುಂಡು ಹೇಗೆ ಉಳೀತು? ಖಾಲಿ ಅಂದಿದ್ದು ಯಾರು?"

"ನಾನು," ಎಂದಳು ಲೊರೀನ್. "ಅವರು ಉಳಿದ ಗುಂಡು ಹೊರಗೆ ಸುರ್ದಾಗ ಒಂದು ಒಳಗೇ ಅಂಟ್ಕೊಂಡಿದೆ. ನಾನು ಬೆಳಕು ಬಿಟ್ಟು ನೋಡ್ಲಿಲ್ಲ. ಗುರುಗಳ ಬಂದೂಕು ಏನ್ ನೋಡೋದು ಅಂತ ಖಾಲಿ ಅಂದ್ಬಿಟ್ಟೆ." ಟಾರ್ಚನ್ನು ಖಾಲಿ ತೋಟಾದ ಪಕ್ಕ ಮೇಜಿನ ಮೇಲಿಟ್ಟಳು. "ಇನ್ನು ಈ ಕೇಸು ನಂದಲ್ಲ. ಶೆರಿಫ್ ಬೇರೆಯವರನ್ನ ಕಳಿಸ್ತಾರೆ. ಅವ್ರ ಮುಂದೆ ಓರ್ವಿಲ್ ಜೊತೆ ನಾನೂ ನಿಲ್ತೀನಿ."

ಬಾಗಿಲ ಬಳಿಗೆ ಹೋಗಿ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಮಾರಿಸೆಲಾಳ ಮುಂದೆ ಹಿಡಿದಳು.

"ತಪ್ಪಾಯ್ತು. ಎಲ್ಲರೆದುರಿಗೇ ಹೇಳ್ತಿದ್ದೀನಿ, ನನ್ನಿಂದ ತಪ್ಪಾಯ್ತು."

ಮಾರಿಸೆಲಾ ಪಟ್ಟಿ ತೆಗೆದುಕೊಂಡಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು.

"ನನ್ನ ಬಂದೂಕನ್ನ ಇವತ್ತು ಮೂರು ಸಲ ನೋಡಿದ್ರಿ ಮೇಡಂ. ಅವ್ರದ್ದನ್ನ ಒಂದ್ಸಲ ನೋಡಿದ್ರೆ ಸಾಕಾಗ್ತಿತ್ತು."

ಲೊರೀನ್ ಮೇಜಿಗೆ ಬಂದು, ತನ್ನ ಹೇಳಿಕೆಯ ಮೊದಲ ಸಾಲಿಗೆ ಆ ಮಾತನ್ನೇ ಇದ್ದ ಹಾಗೆ ಬರೆದಳು.