ಎರಡು ವರ್ಷದ ಸೀಟು

ಗಣೇಶಗುಡಿಯ ಹೊಳೆದಂಡೆಯಲ್ಲಿ ದಿನೇಶ ಪೇಢೆಯ ಪೊಟ್ಟಣ ಬಿಚ್ಚಿ, ಜೊತೆಯ ರಾಫ್ಟ್ ಗೈಡುಗಳಿಗೆಲ್ಲ ಹಂಚಿದ. ಸೌಂದರ್ಯಾಳ ಬಾಯಿಗೂ ಒಂದನ್ನು ಇಟ್ಟ.

"ಒಂದ ವರ್ಷ ಅಷ್ಟ. ಕಣ್ಣ ಮುಚ್ಚಿ ತಗಿಯೂದ್ರಾಗ ವಾಪಸ್ ಬರ್ತಾಳ," ಎನ್ನುತ್ತ ಅವನು ಇವಳತ್ತ ಕಳ್ಳನೋಟ ಬೀರಿದ. ಮೂರು ವರ್ಷದಿಂದ ಆ ನೋಟಕ್ಕೆ ಕರಗುತ್ತ ಬಂದವಳು ಇವತ್ತು ಚಪ್ಪಲಿಯ ತುದಿ ನೋಡುತ್ತ ನಿಂತಳು.

ಸೌಂದರ್ಯಾ ದಾಂಡೇಲಿಯ ಪೇಪರ್ ಮಿಲ್ ನೌಕರನ ಮಗಳು. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಕೆನಡಾಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಂದ ಎರಡು ಬಗೆಯ ಸೀಟು ಬಂದಿದ್ದವು. ಒಂದು, ಮಾರ್ಕ್ಸ್ ನೋಡಿ ಕೊಟ್ಟದ್ದು: ಒಂದೇ ವರ್ಷ, ಬರೀ ಕ್ಲಾಸು, ಪರೀಕ್ಷೆ. ಇನ್ನೊಂದು ಎರಡು ವರ್ಷದ್ದು: ಪ್ರೊಫೆಸರ್ ಕೈಕೆಳಗೆ ನದಿನೀರಿನ ಮೇಲೆ ಥೀಸಿಸ್, ಮೇಲೆ ಸ್ಟೈಪೆಂಡ್. ಅದನ್ನು ಯಾರಾದರೂ ಬಿಡುತ್ತಾರೆಯೇ ಎಂದು ಮನೆಯಲ್ಲೂ ಕಾಲೇಜಿನಲ್ಲೂ ಬೈಸಿಕೊಂಡು, ಒಂದು ವರ್ಷದ್ದೇ ಸಾಕು ಎಂದಿದ್ದಳು. ಬೇಗ ತನ್ನ ಹತ್ತಿರ ಬರಲೆಂದೇ ಹೀಗೆ ಮಾಡಿದಳೆಂದು ದಿನೇಶ ತಿಳಿದ.

ನಿಜ ಬೇರೆಯೇ ಇತ್ತು. ಡ್ಯಾಮಿನಿಂದ ನೀರು ಬಿಟ್ಟಾಗ ಕಾಳಿ ನದಿ ಎಷ್ಟು ಏರಿತೆಂದು ದಿನೇಶ ದಿನಾ ಬಂಡೆಯ ಗೆರೆ ನೋಡಿ ಬರೆದಿಡುತ್ತಿದ್ದ. ಆಮೇಲೆಯೇ ರಾಫ್ಟ್ ಇಳಿಸುವುದು. ಅವನ ಎರಡು ವರ್ಷದ ಅಳತೆಗಳನ್ನು ಸೌಂದರ್ಯಾ ಅರ್ಜಿಗೆ ಸೇರಿಸಿ, ನಾನೇ ಅಳೆದೆ ಎಂದು ಬರೆದಿದ್ದಳು. ಪ್ರೊಫೆಸರ್ ಎರಡು ವರ್ಷದ ಸೀಟು ಕೊಟ್ಟದ್ದೇ ಆ ಅಳತೆಗಳನ್ನು ಮೆಚ್ಚಿ. ಕದ್ದ ಸೀಟು ಬಿಟ್ಟುಬಿಟ್ಟರೆ ಪಾಪ ಕಳೆಯಿತೆಂದುಕೊಂಡಿದ್ದಳು. ಈ ಪುಣ್ಯಾತ್ಮ ಪೇಢೆ ಬೇರೆ ತಿನ್ನಿಸುತ್ತಾನೆ!

ಉಳಿದವರು ಹೋದ ಮೇಲೆ ಎಲ್ಲ ಹೇಳಿದಳು. ದಿನೇಶ ಒದ್ದೆ ಲೈಫ್ ಜಾಕೆಟ್‌ಗಳನ್ನು ಒಂದೊಂದಾಗಿ ತಂತಿಗೆ ಹಾಕುತ್ತ ಕೇಳಿಸಿಕೊಂಡ.

"ನನ್ನ ಹೆಸರು ಯಾಕ ಬರೀಲಿಲ್ಲ?"

"ರಾಫ್ಟ್ ಗೈಡ್ ಅಳತಿ ಮಾಡ್ಯಾನ ಅಂದ್ರ ಯಾರೂ ನಂಬೂದಿಲ್ಲ ಅನಿಸ್ತು."

ಹೇಳಿದ ಮೇಲೆ ತಿಳಿಯಿತು, ಕದ್ದದ್ದಕ್ಕಿಂತ ಈ ಮಾತೇ ಹೊಲಸು ಎಂದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಅವನು ಜಾಕೆಟ್ ಹಾಕುವುದನ್ನು ನಿಲ್ಲಿಸಿ, ಖರೆ ಸಂಗತಿ ಪ್ರೊಫೆಸರಿಗೆ ಬರೆ ಎಂದಷ್ಟೇ ಹೇಳಿದ.

ಅವತ್ತೇ ಬರೆದಳು. ಎಂಟು ದಿನ ಅವನು ಫೋನ್ ಎತ್ತಲಿಲ್ಲ. ಒಂಬತ್ತನೆಯ ದಿನ ಉತ್ತರ ಬಂತು. ಸುಳ್ಳಿಗೆ ಪ್ರೊಫೆಸರ್ ಚೆನ್ನಾಗಿಯೇ ಛೀಮಾರಿ ಹಾಕಿದ್ದರು. ಅಳೆದವನು ಒಪ್ಪಿಗೆ ಬರೆದುಕೊಟ್ಟು, ಥೀಸಿಸ್‌ನಲ್ಲಿ ಅವನ ಹೆಸರು ಬಂದರೆ ಮಾತ್ರ ಅವಳು ಬಿಟ್ಟ ಎರಡು ವರ್ಷದ ಸೀಟನ್ನು ಮತ್ತೆ ಕೊಡುವುದಾಗಿ ಬರೆದಿದ್ದರು.

ಮತ್ತೆ ಗಣೇಶಗುಡಿಗೆ ಬಂದಳು. ಕೇಳುವ ಮುಖ ಎಲ್ಲಿದೆ? ಮೊಬೈಲಿನಲ್ಲಿ ಆ ಉತ್ತರ ತೆರೆದು ಅವನ ಕೈಗಿತ್ತಳು. ಅವನು ಎರಡು ಸಲ ಓದಿ, ಅಲ್ಲೇ ನಿಂತು ಒಪ್ಪಿಗೆ ಟೈಪ್ ಮಾಡಿ ಕಳಿಸಿದ. ಹೆಸರಿನ ಕೆಳಗೆ ರಾಫ್ಟ್ ಗೈಡ್ ಎಂದೂ ಹಾಕಿದ್ದ. ಅದನ್ನು ನೋಡಿ ಸೌಂದರ್ಯಾ ಅತ್ತುಬಿಟ್ಟಳು.

"ಸಿಟ್ಟ ಹೋತೇನು?"

"ಇಲ್ಲ. ಅದು ಇಳೀಬೇಕಂದ್ರ ಎರಡು ವರ್ಷರೆ ಬೇಕು," ಎಂದ ದಿನೇಶ, ಅವಳ ಕೈ ಹಿಡಿದು. "ನೀನೂ ಓದು ಮುಗಿಸಿ ಅಷ್ಟೊತ್ತಿಗೇ ಬಾ."